ಮತ್ತಿಮರಕ್ಕೆ ಕಟ್ಟಿದ ಪಂಚೆ

ಮತ್ತಿಕಡವು, ಸಾಗರ ತಾಲ್ಲೂಕು
೧೮ ನವೆಂಬರ್ ೨೦೨೫

ಪ್ರೀತಿಯ ತಮ್ಮ ನಿರಂಜನನಿಗೆ,

ಹೇಗಿದ್ದೀಯ? ಹೊಸನಗರ ಕಡೆಯ ಲಾಂಚಿನಲ್ಲಿ ಚಳಿಗಾಳಿ ಹೊಡೆಯುತ್ತಿರಬೇಕು, ಬೆಳಿಗ್ಗೆ ಕಿವಿಗೆ ಮಫ್ಲರ್ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಫೋನ್ ಎತ್ತದ ದೊಡ್ಡ ಮನುಷ್ಯನಿಗೆ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ಹರಿದು ಬಿಸಾಡುವುದಾದರೆ ಓದಿದ ಮೇಲೆ ಬಿಸಾಡು.

ನಮ್ಮ ಕಡವಿನ ಲಾಂಚನ್ನು ದಡಕ್ಕೆ ಎಳೆದು ಹಾಕಿದ್ದಾರೆ. ಸೇತುವೆಯಾದ ಮೇಲೆ ಅದು ಯಾರಿಗೂ ಬೇಡ, ಅದರ ಮೇಲೆ ಮೇಕೆಗಳು ಮಲಗುತ್ತವೆ. ಹಿನ್ನೀರು ಊರು ಮುಳುಗಿಸಿದಾಗ ಮೊದಲು ಹುಟ್ಟು ಹಾಕುವ ದೋಣಿ, ಆಮೇಲೆ ಈ ಲಾಂಚ್. ಅಮ್ಮ ಮದುವೆಯಾಗಿ ಬಂದದ್ದು ಇದರಲ್ಲೇ. ಬಸ್ಸು, ದನ, ಚುನಾವಣೆಯ ಪೆಟ್ಟಿಗೆ, ಹೆಣ ಎಲ್ಲವೂ ದಾಟಿದ್ದು ಇದರಲ್ಲೇ. ಯಾರಿಗಾದರೂ ಕಾಯಿಲೆ ಜೋರಾದರೆ ಕಡವಿನ ಮತ್ತಿಮರಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಆಚೆ ದಡಕ್ಕೆ ಅದು ಕಂಡ ಕೂಡಲೇ ಡ್ರೈವರ್ ಯಾರಿಗೂ ಕಾಯದೆ ಬರುತ್ತಿದ್ದ. ನೀನು ಹುಟ್ಟಿದ ದಿನ ಅಜ್ಜಿ ಕಟ್ಟಿದ ಬಟ್ಟೆ ಕಂಡು ಲಾಂಚ್ ತಂದವರು ಆಗ ಡ್ರೈವರ್ ಆಗಿದ್ದ ಅಪ್ಪನೇ. ಅಪ್ಪ ಕೆಲಸ ಬಿಟ್ಟ ಮೇಲೆ ಬಟ್ಟೆ ಕಂಡಾಗಲೆಲ್ಲ ಬಂದವನು ನೀನು.

ಅಮ್ಮನಿಗೆ ಎದೆನೋವು ಬಂದಾಗ ನಾನು ಆನಂದಪುರಕ್ಕೆ ಹೋಗಿದ್ದೆ. ಅಪ್ಪ ಅವಳನ್ನು ಕಡವಿಗೆ ನಡೆಸಿಕೊಂಡು ಹೋಗಿ, ತಮ್ಮ ಪಂಚೆಯನ್ನು ಮರಕ್ಕೆ ಕಟ್ಟಿ, ನೀರು ನೋಡುತ್ತ ಕೂತರು. ಲಾಂಚ್ ನಿಂತದ್ದು ಅವರಿಗೆ ಗೊತ್ತಿತ್ತು. ಕೂತಿದ್ದೇ ಅದಕ್ಕೆ ಒರಗಿಕೊಂಡು. ಗಾಬರಿಯಲ್ಲಿ ತಲೆ ಓಡಲಿಲ್ಲ, ಕೈ ಊರಿನ ಹಳೆಯ ರೂಢಿ ಹಿಡಿಯಿತು. ಪಕ್ಕದ ಮನೆಯ ಧರ್ಮಪ್ಪ ಕಂಡು ಜೀಪು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಸೇತುವೆಯ ಮೇಲೆಯೇ ಅಮ್ಮನ ಉಸಿರು ನಿಂತಿತು.

ತಿಥಿಯೂಟದ ಎಲೆಯ ಮುಂದೆ ನೀನು ಅಪ್ಪನಿಗೆ “ನೀನೇ ಕೊಂದೆ ಅವ್ಳನ್ನ” ಅಂದು ಎದ್ದು ಹೋದೆ. ಅಪ್ಪನ ಮೇಲೆ ನನಗೂ ಸಿಟ್ಟಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಮಾತು ಆಡಬಾರದಿತ್ತು ಕಣೋ. ಅವತ್ತಿನಿಂದ ಅವರು ನನ್ನ ಹತ್ತಿರವೂ ಸರಿಯಾಗಿ ಮಾತಾಡಿಲ್ಲ.

ಮೈ ಕಡೆ ಜೋಪಾನ. ಅಮ್ಮನ ಪಾಲಿನ ಆಶೀರ್ವಾದವನ್ನೂ ಸೇರಿಸಿ ನಾನೇ ಹರಸುತ್ತೇನೆ.

ನಿನ್ನ ಅಕ್ಕ,
ಪ್ರತಿಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕಡವಿಗೆ ಹೋಗಿ ಬಂದೆ. ಮರದಲ್ಲಿ ಮತ್ತೆ ಪಂಚೆ, ಕೆಳಗೆ ಅಪ್ಪ. “ಲಾಂಚ್ ನಿಂತಿದೆ ಅಪ್ಪಾ. ಯಾರಿಗೆ ಹುಷಾರಿಲ್ಲ ಅಂತ ಕಟ್ಟಿದ್ರಿ?” ಅಂದೆ. “ಲಾಂಚ್ ಬರಾದಿಲ್ಲ, ಗೊತ್ತದೆ. ನಂಗೇ ಹುಷಾರಿಲ್ಲ. ಮಗ ನೋಡ್ತಾನೆ, ಬತ್ತಾನೆ” ಅಂದರು. ಬಿಚ್ಚಲು ನನಗೆ ಕೈ ಬರಲಿಲ್ಲ. ಅವರು ಅನ್ನ ಬಿಟ್ಟಿದ್ದಾರೆ, ನಿರಂಜನ. ಬಟ್ಟೆ ಕಟ್ಟಿದೆ, ಬಾ.