ಮೈನಸ್ ನಲವತ್ತು

ಶಾಲೆಯ ಸ್ಟಾಫ್ ರೂಮು
ಶುಕ್ರವಾರ, ಮೊದಲ ಗಂಟೆ ಹೊಡೆಯುವ ಮುಂಚೆ

ಪ್ರೋಗ್ರಾಮರ್ ಸಾಹೇಬರಿಗೆ, ಅಂದರೆ ನನ್ನ ಗಂಡನಿಗೆ,

ಇತ್ತ ಯಾರೂ ಕ್ಷೇಮವಿಲ್ಲ. ಅತ್ತ ನೀನು ಕ್ಷೇಮ ಎಂದು ಕೇಳಿದೆ. ಬರೆಯಲು ಅದೇ ಕಾರಣ. ಹನ್ನೊಂದು ವರ್ಷ ‘ರೀ’ ಎಂದು ಕರೆದ ಬಾಯಿ ಇವತ್ತು ‘ನೀನು’ ಅನ್ನುತ್ತಿದೆ. ಮರ್ಯಾದೆ ಬೇಕಿದ್ದರೆ ಸೋಮವಾರ ಹನ್ನೊಂದಕ್ಕೆ ವಿಚಾರಣೆಯ ಕೋಣೆಗೆ ಬಂದು ಸಂಪಾದಿಸಿಕೊ.

ಸೋಮವಾರ ಕಂಪನಿಯವರು ನನ್ನ ತಮ್ಮನ ತಲೆಗೆ ತಪ್ಪು ಕಟ್ಟುತ್ತಾರೆ. ಪಂಚಿಂಗ್ ಮಷೀನ್ ಓಡುತ್ತಿದ್ದಾಗ ಅವನೇ ತಗಡನ್ನು ತಳ್ಳಿದನಂತೆ, ಅದು ಜಾಗ ತಪ್ಪಿತಂತೆ, ಅವನೇ ಹೋಗಿ ಯಂತ್ರದೊಳಕ್ಕೆ ಕೈ ಕೊಟ್ಟನಂತೆ. ಆದ್ದರಿಂದ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಹಾಗೆಂದು ಕಂಪನಿ ಬರೆದ ಕಾಗದದ ಕೆಳಗೆ ಸಾಕ್ಷಿ ಎಂದು ನಿನ್ನ ಸಹಿ ಇದೆ. ಗುಂಡಗೆ, ಮುದ್ದಾಗಿ. ನಿನ್ನ ಅಕ್ಷರ ಯಾವತ್ತೂ ಚೆಂದ.

ಅವನಿಗೆ ಕಡ್ಡಿ ಎಂದು ಹೆಸರಿಟ್ಟವನು ನೀನೇ. ನಮ್ಮ ಮದುವೆಯ ದಿನ, ಇವನನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟಿದ್ದರೂ ಆಗುತ್ತಿತ್ತಲ್ಲ ಮಾವ ಎಂದು ನಮ್ಮಪ್ಪನನ್ನು ನಗಿಸಿದವನು ನೀನು. ಆಮೇಲೆ ಅವನನ್ನು ಫ್ಯಾಕ್ಟರಿಯ ನಿನ್ನ ಮಷೀನ್ ಶಾಪಿಗೆ ಸೇರಿಸಿದವನೂ ನೀನೇ. ನಾನು ಒಳಗೊಳಗೇ ಹಿಗ್ಗಿದೆ. ಭಾವನ ಕಣ್ಣಳತೆಯಲ್ಲಿ ಇರುತ್ತಾನೆ, ಇನ್ನೇನು ಭಯ ಎಂದುಕೊಂಡೆ.

ಅವತ್ತು ನಡೆದದ್ದನ್ನು ನಿನಗೆ ನಾನು ಹೇಳಬೇಕೆ? ಹೇಳುತ್ತೇನೆ, ಕೇಳು. ತಗಡಿನ ಎಡ ಅಂಚು ತುಕ್ಕು ಹಿಡಿದು ಮೇಲಕ್ಕೆದ್ದಿತ್ತು. ಹೊಸ ತಗಡು ತರಿಸಿದರೆ ತಡವಾಗುತ್ತದೆ ಎಂದು ನಿಮ್ಮ ಸೂಪರ್‌ವೈಸರ್, ನೀವೆಲ್ಲ ಗಡಿಯಾರ ಎಂದು ಆಡಿಕೊಳ್ಳುವ ಆ ಮನುಷ್ಯ, ಎಂಟು ತೂತಿನ ನಕ್ಷೆಯನ್ನು ಇಡಿಯಾಗಿ ನಲವತ್ತು ಮಿಲಿಮೀಟರ್ ಬಲಕ್ಕೆ ಸರಿಸುವ ಸಂಖ್ಯೆಯನ್ನು ಯಂತ್ರಕ್ಕೆ ಒತ್ತಲು ನಿನಗೆ ಹೇಳಿದ. ಎದ್ದ ಅಂಚನ್ನು ಅದುಮಿ ಹಿಡ್ಕೊಳ್ಳೋ ಕಡ್ಡಿ, ತೂತು ಅತ್ತ ಕಡೆ ಬೀಳುತ್ತೆ, ಹೆದರಬೇಡ ಎಂದು ನನ್ನ ತಮ್ಮನಿಗೆ ಹೇಳಿದ. ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರನ್ನು ವಾರದ ಹಿಂದೆಯೇ ಆ ಸೂಪರ್‌ವೈಸರ್ ಬಂದ್ ಮಾಡಿಸಿದ್ದ. ಮಾತುಮಾತಿಗೂ ನಿಂತುಹೋಗುತ್ತದೆ ಎಂಬುದು ಅದು ಮಾಡಿದ ಅಪರಾಧ.

ಮೊದಲ ತೂತು ಎಡ ಅಂಚಿನಿಂದ ನೂರು ಮಿಲಿಮೀಟರಿನಲ್ಲಿ ಇತ್ತು. ನೂರ ನಲವತ್ತಕ್ಕೆ ಹೋಗಬೇಕಿತ್ತು. ಅರವತ್ತಕ್ಕೆ ಬಂತು. ನಡುವೆ ಎಂಬತ್ತು. ಕಡ್ಡಿಯ ಎಡ ಅಂಗೈಯನ್ನು ಅಳೆದು ನೋಡಿದೆ, ಅಗಲ ಎಂಬತ್ತೇ. ಬಲದ್ದನ್ನು ಅಳೆಯಲು ಉಳಿದಿಲ್ಲ.

ಮೊದಲ ಹೊಡೆತ ಅಂಗೈಯ ನಡುವೆ ಬಿತ್ತು. ಮುಂದಿನ ತೂತಿಗೆಂದು ಯಂತ್ರ ತಗಡನ್ನು ಜರುಗಿಸಿದಾಗ ಅದಕ್ಕೆ ಕಚ್ಚಿಕೊಂಡಿದ್ದ ಕೈಯೂ ಜರುಗಿತು. ಎರಡನೆಯದು ಬೆರಳುಗಳ ಬುಡಕ್ಕೆ ಬಿತ್ತು. ಅವನು ಕಿರುಚಿದ್ದು ಗೇಟಿನವರೆಗೆ ಕೇಳಿಸಿದೆ, ಯಂತ್ರಕ್ಕೆ ಕೇಳಿಸಲಿಲ್ಲ. ಎಂಟು ಬರೆದಿತ್ತು, ಎಂಟನ್ನೂ ಹೊಡೆದು ಮುಗಿಸಿಯೇ ನಿಂತಿತು.

ಈಗ ನನ್ನ ತಪ್ಪು. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಹೇಳಿದ್ದನ್ನು ನಾನು ನಂಬಿದೆ. ನಿನ್ನ ತಮ್ಮನಿಗೆ ಯಾವಾಗಲೂ ಆತುರ, ತಳ್ಳಬೇಡ ಅಂದರೂ ತಳ್ಳಿದ ಎಂದೆ ನೀನು. ನಾನು ನೆಟ್ಟಗೆ ವಾರ್ಡಿಗೆ ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಎಲ್ಲಿತ್ತೋ ನಿನ್ನ ಗ್ಯಾನ ಎಂದು ಕೂಗಿದೆ. ಅವನು ಅಡ್ಡ ಹಿಡಿಯಲು ಎತ್ತಿದ್ದು ಬಟ್ಟೆ ಸುತ್ತಿದ ಮೋಟು. ಬಿಡಕ್ಕಾ, ಆಗಿದ್ದು ಆಯ್ತು ಅಂದ. ಇಷ್ಟೇ ಅಂದ. ಆ ಏಟಿನ ಉರಿ ಇನ್ನೂ ನನ್ನ ಅಂಗೈಯಲ್ಲಿದೆ.

ಆ ತಗಡನ್ನು ಗುಜರಿ ಲಾರಿಗೆ ಎಸೆಯಲು ಹೇಳಿದ್ದರು. ಶಾಪು ಗುಡಿಸುವ ಅಕ್ಕ ಎಸೆಯಲಿಲ್ಲ. ಗೋಣಿ ಸುತ್ತಿ, ತಲೆಯ ಮೇಲೆ ಹೊತ್ತು ನಮ್ಮ ಬಾಗಿಲಿಗೆ ತಂದಳು. ನೀವು ಲೆಕ್ಕದ ಟೀಚರ್ ಅಲ್ವಾ, ಇದನ್ನ ಓದಿ ಹೇಳಿ ಅಂದಳು. ರಕ್ತ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಎಲ್ಲಿಯವರೆಗೆ ತುಕ್ಕು, ಎಲ್ಲಿಂದ ನನ್ನ ತಮ್ಮ, ಗೊತ್ತಾಗಲಿಲ್ಲ.

ಎಂಟು ತೂತನ್ನೂ ಟ್ರೇಸಿಂಗ್ ಹಾಳೆಗೆ ಇಳಿಸಿದೆ. ಎಂಟನೇ ತರಗತಿಗೆ ಆ ವಾರ ಆಕೃತಿಗಳ ಸ್ಥಾನಾಂತರದ ಪಾಠ. ಬೋರ್ಡಿನ ಮೇಲೆ ಎರಡು ಅಕ್ಷ ಎಳೆದು, ನಿನ್ನ ಚೀಲದಲ್ಲಿದ್ದ ಮೂಲ ನಕ್ಷೆಯನ್ನು ಅಂಟಿಸಿ, ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟೆ. ಇದು ಯಾರ ಕೈ ಎಂದು ಮಕ್ಕಳಿಗೆ ಹೇಳಲಿಲ್ಲ. ಏನಾಗಿದೆ ಎಂದು ಮಾತ್ರ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಸ್ಕೇಲಿಟ್ಟು ಎಂಟು ಬಿಂದುಗಳನ್ನೂ ಅಳೆದಳು. ಪ್ರತಿಯೊಂದೂ ನಲವತ್ತು ಎಡಕ್ಕೆ. ಮೇಲಕ್ಕೂ ಕೆಳಕ್ಕೂ ಕೂದಲೆಳೆಯಷ್ಟೂ ಇಲ್ಲ. ತಿರುಗಿಲ್ಲ ಟೀಚರ್, ವಾಲಿಲ್ಲ, ಬರೀ ಸರಿದಿದೆ ಅಂದಳು. ಆಮೇಲೆ, ಯಾರು ಟೀಚರ್ ಸರಿಸಿದ್ದು ಎಂದು ಕೇಳಿದಳು.

ನನ್ನ ಕೈಯ ಸೀಮೆಸುಣ್ಣ ಮುರಿಯಿತು. ಮನುಷ್ಯ ಕೈಯಿಂದ ತಗಡು ತಳ್ಳಿದರೆ ಅದು ಓರೆಯಾಗುತ್ತದೆ. ಒಂದು ತೂತು ಹತ್ತು ಜರುಗಿದರೆ ಇನ್ನೊಂದು ಐವತ್ತು ಜರುಗುತ್ತದೆ. ಎಂಟು ಬಿಂದುಗಳನ್ನೂ ಒಂದೇ ದಿಕ್ಕಿಗೆ, ಒಂದೇ ದೂರ, ಅದೂ ಎಣಿಸಿದ ಹಾಗೆ ನಲವತ್ತೇ ಸರಿಸಬಲ್ಲದ್ದು ಲೋಕದಲ್ಲಿ ಒಂದೇ ಒಂದು: ಒತ್ತಿದ ಸಂಖ್ಯೆ. ಪ್ಲಸ್ ಒತ್ತಬೇಕಾದಲ್ಲಿ ಮೈನಸ್ ಒತ್ತಿದ ಬೆರಳು. ಈಗ ಯಂತ್ರ ತೆರೆದರೆ ಪ್ಲಸ್ ನಲವತ್ತು ಕಾಣುತ್ತದಂತೆ. ತಗಡು ಮೈನಸ್ ಅನ್ನುತ್ತಿದೆ, ಯಂತ್ರ ಪ್ಲಸ್ ಅನ್ನುತ್ತಿದೆ. ನಡುವೆ ಯಾರೋ ಬಂದು ಹೋಗಿದ್ದಾರೆ.

ಅದನ್ನೇ ಅಲ್ಲವೇ ಆ ಸಂಜೆ ನಿನ್ನ ಮುಂದೆ ಹರಡಿದ್ದು? ನೀನು ಹಾಳೆ ನೋಡಲಿಲ್ಲ. ನನ್ನ ಮೂರಡಿ ಸ್ಕೇಲು ಎತ್ತಿಕೊಂಡೆ. ಮೊದಲ ಏಟು ನನ್ನ ಭುಜಕ್ಕೆ, ಎರಡನೆಯದು ಬೆನ್ನಿಗೆ, ಮೂರನೆಯದಕ್ಕೆ ಸ್ಕೇಲೇ ಸಾಕಪ್ಪಾ ಎಂದು ಎರಡು ತುಂಡಾಯಿತು. ನಾನೂ ಪೂಜೆ ಮಾಡಿಸಿಕೊಂಡು ಕೂರಲಿಲ್ಲ. ನಿನ್ನ ಹುಬ್ಬಿನ ಮೇಲಿನ ಹೊಲಿಗೆ ನಾನು ಎಸೆದ ಚೊಂಬಿನದು. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಮೊನ್ನೆ ನ್ಯಾಯ ಕೇಳಿ ಫ್ಯಾಕ್ಟರಿ ಗೇಟಿನ ಮುಂದೆ ಧರಣಿ ಕೂತಿದ್ದ ನಮ್ಮ ಮೇಲೆ ಕಂಪನಿಯ ಆಳುಗಳು ಕಬ್ಬಿಣದ ಪೈಪು ಬೀಸಿದರು. ಗುಡಿಸುವ ಅಕ್ಕನ ತಲೆ ಒಡೆಯಿತು. ರಸ್ತೆಯ ಮೇಲೆ ಅವಳನ್ನು ತೊಡೆಗೆ ಒರಗಿಸಿಕೊಂಡಾಗ ಅವಳು ಕೇಳಿದ್ದು ಒಂದೇ, ತಗಡು ಜೋಪಾನವಾಗಿದೆಯಾ ಟೀಚರ್? ನಾನು ತಲೆಯೆತ್ತಿದೆ. ಮೊದಲ ಮಹಡಿಯ ಕಿಟಕಿಯಲ್ಲಿ ಗಡಿಯಾರ ಇದ್ದ, ಅವನ ಪಕ್ಕದಲ್ಲಿ ನೀನಿದ್ದೆ. ಪರದೆ ಎಳೆದ ಕೈ ನಿನ್ನದು.

ತಗಡು ನನ್ನ ಬಳಿ ಇದೆ. ಸೋಮವಾರ ತರುತ್ತೇನೆ. ಅದು ಸಂಖ್ಯೆಯನ್ನು ಹೇಳುತ್ತದೆ. ಸೆನ್ಸರ್ ಬಂದ್ ಮಾಡಿಸಿದವನ ಹೆಸರು ಹೇಳುವ ಬಾಯಿ ಅದಕ್ಕಿಲ್ಲ. ಆ ಬಾಯಿ ಇರುವುದು ನಿನಗೊಬ್ಬನಿಗೆ. ನೀನು ಸುಮ್ಮನಿದ್ದರೆ ಒಬ್ಬ ಪ್ರೋಗ್ರಾಮರನ ಕೈತಪ್ಪು ಎಂದು ನಿನ್ನನ್ನು ಬಲಿಕೊಟ್ಟು ಗಡಿಯಾರ ತನ್ನ ಟೈಮಿಗೆ ಸರಿಯಾಗಿ ಮನೆಗೆ ಹೋಗುತ್ತಾನೆ. ನಾಳೆ ಇನ್ನೊಬ್ಬ ಕಡ್ಡಿ ಆ ಅಂಚನ್ನು ಅದುಮಿ ಹಿಡಿಯುತ್ತಾನೆ. ಬಂದು ಹೇಳು. ನಾನು ಒತ್ತಿದೆ, ಅವನು ಒತ್ತಿಸಿದ, ಸೆನ್ಸರ್ ಸತ್ತಿತ್ತು. ಮೂರೇ ಮಾತು. ಹೇಳಿದರೆ ನಿನ್ನ ಮನೆಗೆ ಮರಳುತ್ತೇನೆಂದು ಆಸೆ ಹುಟ್ಟಿಸಲಾರೆ. ಹೇಳದಿದ್ದರೆ ನಿನ್ನ ಮುಖಕ್ಕೆ ಆ ಎಂಟು ತೂತುಗಳನ್ನು ಹಿಡಿದು, ಒಂದೊಂದರಿಂದಲೂ ನಿನ್ನನ್ನು ನೋಡುತ್ತೇನೆ.

ಸ್ಕೇಲಿನ ಅರ್ಧ ತುಂಡು ಇನ್ನೂ ಇಟ್ಟುಕೊಂಡಿರುವ,
ಕಡ್ಡಿಯ ಅಕ್ಕ

ತಾ.ಕ.: ನಿನ್ನೆ ತಮ್ಮ ಬಾಯಿ ಬಿಟ್ಟ. ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತಂತೆ. ಕೈ ಇನ್ನೂ ಯಂತ್ರದಲ್ಲಿ ಸಿಕ್ಕಿಕೊಂಡಿದ್ದಾಗ ಅವನು ನಿನ್ನನ್ನೇ ಕೂಗಿದನಂತೆ. ನೀನು ಓಡಿಬಂದೆ, ಅವನನ್ನು ದಾಟಿ ಮೊದಲು ಕೀಬೋರ್ಡಿಗೆ ಹೋದೆ. ಮೈನಸ್ ಅಳಿಸಿದ ಮೇಲೆ ಅವನ ಬಳಿ ಬಂದೆ. ಅಕ್ಕನ ಸಂಸಾರ ಹಾಳಾಗುತ್ತದೆ ಎಂದು ಇಷ್ಟು ದಿನ ನುಂಗಿಕೊಂಡಿದ್ದನಂತೆ, ನನ್ನ ಏಟನ್ನೂ ಸೇರಿಸಿ. ಈ ಲಕೋಟೆಯನ್ನು ಹರಿದು ಬಿಸಾಡಬೇಡ. ವಿಳಾಸ ಬರೆದದ್ದು ಅವನೇ, ಎಡಗೈಯಲ್ಲಿ. ನೋಡು, ಒಂದಕ್ಷರ ಮೇಲೆ ಹಾರಿದೆ, ಒಂದು ಕೆಳಗೆ ಜಾರಿದೆ, ಒಂದು ಪೂರ್ತಿ ಮಗುಚಿದೆ. ಮನುಷ್ಯನ ಕೈ ಸರಿಸಿದ್ದು ಹಾಗಿರುತ್ತದೆ. ಪ್ರೋಗ್ರಾಮರ್ ಅಂತ ಬರೆದರೆ ಸಾಕು ಎಂದು ನಾನು ಅವನನ್ನು ಗದರಿದೆ. ಕೇಳಲಿಲ್ಲ. ಎಲ್ಲಕ್ಕಿಂತ ಮೇಲೆ ‘ಭಾವನಿಗೆ’ ಎಂದು ಬರೆದಿದ್ದಾನೆ.