ಕೋಣನ ತಲೆಗೆ ಹತ್ತನೇ ಸ್ಥಾನ

ಚನ್ನಗಿರಿ
14-11-2024, ಗುರುವಾರ

ಚಿ. ಭೀಮೇಶನಿಗೆ,

ನಿನ್ನ ಸೋದರಮಾವ ರುದ್ರಮುನಿ ಬರೆಯುತ್ತಿರುವುದು. ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಅಲ್ಲಿಯವರೆಗೆ ಓದುವ ತಾಳ್ಮೆ ಇದ್ದರೆ ತೆಗೆದುಕೋ, ಇಲ್ಲದಿದ್ದರೆ ಬಿಡು. ಇತ್ತ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಸೋಮವಾರದಿಂದ ನನಗೆ ಅನ್ನ ಸೇರುತ್ತಿಲ್ಲ, ಕಾರಣ ನೀನು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಕೂಗಾಡಿ ಇಟ್ಟುಬಿಡುತ್ತೇನೆ. ಕಾಗದದ ಮೇಲೆ ಎಷ್ಟು ಕೂಗಿದರೂ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ನ್ಯಾಮತಿಯಿಂದ ಬಂದಿದ್ದ ಮಗಳು ಕಲ್ಪನಾ ಸೋಮವಾರ ಊಟಕ್ಕೆ ಕೂತಾಗ ಫೋನು ಮುಂದೆ ಹಿಡಿದು, "ಅಪ್ಪಾಜಿ, ಭೀಮೇಶ್ ಭಾವ ನಿನ್ ಅಂಗಡಿ ಬಗ್ಗೆ ಬರ್ದಾನೆ, ನೋಡಿಲ್ಲಿ" ಅಂದಳು. ನಾನು ಹೆಮ್ಮೆಯಿಂದ ಕೈ ತೊಳೆದು, ಕನ್ನಡಕ ಹಾಕಿಕೊಂಡು ಓದಿದೆ. 1994ರ ಹತ್ತು ಹೆವಿ ಮೆಟಲ್ ಆಲ್ಬಮ್ಮುಗಳು, ಒಂದರಿಂದ ಹತ್ತರವರೆಗೆ, ನಿನ್ನ ಲೆಕ್ಕದಲ್ಲಿ. ಆ ವರ್ಷ ಪ್ರಪಂಚದಲ್ಲಿ ಎಷ್ಟು ನೂರು ಆಲ್ಬಮ್ಮು ಬಂದವೋ ಯಾರಿಗೆ ಗೊತ್ತು. ನಿನಗೆ ಗೊತ್ತಿರುವುದು ಹತ್ತೇ. ಆ ಹತ್ತೂ ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು, ನನ್ನ ಕ್ಯಾಸೆಟ್ ಅಂಗಡಿಯ ಗಾಜಿನ ಕಪಾಟಿನಲ್ಲಿದ್ದವು. ಪ್ರಪಂಚದ ಪಟ್ಟಿ ಮಾಡಿದವನ ಹಾಗೆ ಬರೆದಿದ್ದೀಯ, ಮಾಡಿದ್ದು ನನ್ನ ಕಪಾಟಿನ ಪಟ್ಟಿ!

ಅವು ಅಲ್ಲಿಗೆ ಹೇಗೆ ಬಂದವು ಎಂಬುದನ್ನಾದರೂ ಬರೆಯಬಹುದಿತ್ತು. ಅಡಿಕೆ ಲೋಡು ತೆಗೆದುಕೊಂಡು ಉತ್ತರಕ್ಕೆ ಹೋಗುತ್ತಿದ್ದ ಲಾರಿ ಪಾಪಣ್ಣ ಬರುವಾಗ ನನಗೆ ಕ್ಯಾಸೆಟ್ಟು ತರುತ್ತಿದ್ದ. ಆ ಸಲ ಒಂದು ರಟ್ಟಿನ ಡಬ್ಬಿ ಇಳಿಸಿ, "ವೀರಭದ್ರನ ಪದ ಇರ್ಬೇಕು ಕಣಣ್ಣ. ನೋಡು, ಬೆಂಕಿ ಐತೆ, ರುಂಡ ಐತೆ, ಕತ್ತಿ ಐತೆ" ಅಂದ. ಹಾಕಿದೆವು. ಅರ್ಧ ಹಾಡಿಗೆ ಪಾಪಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಇದು ದೇವರ ಪದ ಅಲ್ಲಣ್ಣ, ಯಾರಿಗೋ ಹಲ್ಲು ಕೀಳ್ತಾ ಅದಾರೆ" ಅಂದು ಹೊರಟೇ ಹೋದ. ನಾನು ಕೂತೆ. ನನ್ನ ಪಕ್ಕ ಹದಿಮೂರು ವರ್ಷದ ನೀನೂ ಕೂತೆ. ಅಪ್ಪ ಇಲ್ಲದ ಹುಡುಗ, ನಮ್ಮಕ್ಕ ಅನ್ನಪೂರ್ಣ ಶಾಲೆಗೆಂದು ಹೊನ್ನಾಳಿಯಿಂದ ನನ್ನ ಮನೆಗೆ ಬಿಟ್ಟುಹೋಗಿದ್ದಳು. ಇಬ್ಬರೂ ಎದ್ದದ್ದು ಹತ್ತನೆಯ ಕ್ಯಾಸೆಟ್ಟು ಮುಗಿದ ಮೇಲೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ನಿಘಂಟು ಇಟ್ಟುಕೊಂಡು ಇಂಗ್ಲಿಷು ಕಲಿತದ್ದು ಆ ಡಬ್ಬಿಯೊಳಗಿನ ಹಾಡಿನ ಚೀಟಿಗಳಿಂದ. ಕಲಿಯುವ ಮೊದಲು ಚಿತ್ರ ನೋಡಿಯೇ ಹೆಸರಿಟ್ಟಿದ್ದೆವು. ಕೋಣನ ತಲೆ, ಹಸಿರು ಹಲ್ಲು, ಉರಿಯುವ ಗಡಿಯಾರ, ಕಬ್ಬಿಣದ ಹೆಂಗಸು. ನಮ್ಮ ಮಟ್ಟಿಗೆ ಇವತ್ತಿಗೂ ಅವೇ ಹೆಸರು, ಈ ಕಾಗದದಲ್ಲೂ ಅವೇ ಇರಲಿ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ.

ಮೊದಲನೇ ಸ್ಥಾನ ಹಸಿರು ಹಲ್ಲಿಗಂತೆ. ನಾಚಿಕೆಯಾಗಬೇಕು! ನಮ್ಮ ಅಡಿಕೆ ಮಂಡಿಯಲ್ಲಿ ಮೇಲ್ದರ್ಜೆಯ ಸರಕು ಯಾವುದು, ಕೀಳುದರ್ಜೆಯ ಗೊರಬಲು ಯಾವುದು ಎಂದು ಕಣ್ಣು ಮುಚ್ಚಿ ಹೇಳುವ ಹಮಾಲರಿದ್ದಾರೆ. ಅವರನ್ನು ಕೂರಿಸಿ ಕೇಳಿಸಿದರೂ ಹಸಿರು ಹಲ್ಲನ್ನು ಗೊರಬಲಿನ ಚೀಲಕ್ಕೆ ಎಸೆಯುತ್ತಾರೆ. ಒಂದು ಒಳ್ಳೆಯ ಗಿಟಾರು, ಎಂಟು ಹಾಡಿನ ಅಳು. ಉರಿಯುವ ಗಡಿಯಾರ ಎರಡನೆಯದು, ಇರಲಿ, ಅದಕ್ಕೆ ಜಗಳವಿಲ್ಲ. ಕಬ್ಬಿಣದ ಹೆಂಗಸನ್ನು ಐದಕ್ಕೆ ಇಳಿಸಿ 'ಸ್ವಲ್ಪ ಉದ್ದವಾಯಿತು' ಎಂದಿದ್ದೀಯ. ಗುಡಿ ಮುಂದೆ ಸಮಾಳ ಬಾರಿಸುವವನಿಗೆ 'ಉದ್ದವಾಯಿತು, ನಿಲ್ಲಿಸಯ್ಯ' ಅಂತೀಯೇನು? ಮೈಮೇಲೆ ಬರುವವರೆಗೂ ಬಾರಿಸುವುದೇ ಅದರ ಲೆಕ್ಕ. ಮೂರು, ನಾಲ್ಕು, ಆರು, ಏಳು ಎಲ್ಲವೂ ತಲೆಕೆಳಗು. ಅವನ್ನೆಲ್ಲ ತಿದ್ದುತ್ತಾ ಕೂತರೆ ಕಾಗದ ಸಾಲುವುದಿಲ್ಲ.

ನನ್ನ ಹೊಟ್ಟೆ ಉರಿದದ್ದು ಹತ್ತನೆಯದಕ್ಕೆ. ಕೋಣನ ತಲೆ, ಕಟ್ಟಕಡೆಗೆ. ಅದರ ಕೆಳಗೆ ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಹದಿಮೂರರಿಂದ ಹದಿನೇಳರವರೆಗೆ ಅದರ ಕೊನೆಯ ಹಾಡಿನ ಡ್ರಮ್ಮಿನ ಹಿಂದೆ ಓಡಿದೆಯಂತೆ, ಒಂದು ದಿನವೂ ಹಿಡಿಯಲಿಲ್ಲವಂತೆ. ದಾವಣಗೆರೆಯ ಬ್ಯಾಂಡಿನ ಹುಡುಗರು ಕರೆಯಲು ಬಂದಾಗ, ಇಷ್ಟು ಹಿಡಿಯಲಾಗದವನು ಅಲ್ಲಿ ಏನು ಬಾರಿಸುವುದು ಎಂದು ಹೋಗಲಿಲ್ಲವಂತೆ. ಹೋದ ತಿಂಗಳು ಫೋನಿನಲ್ಲಿ ಅಸಲಿ ಆಲ್ಬಮ್ಮು ಕೇಳಿದೆಯಂತೆ. ಎತ್ತಿನ ಗಾಡಿಯ ನಡೆ, ಹಾಡುವವನದು ದಪ್ಪ ಗಂಟಲು. 'ನಮ್ಮ ಮಾಮನ ಕ್ಯಾಸೆಟ್ಟಿನಲ್ಲಿ ಮಾತ್ರ ಹಾಡು ಓಡುತ್ತಿತ್ತು, ಅವನ ಕುತ್ತಿಗೆ ಹಿಚುಕಿದ ಹಾಗಿತ್ತು. ಮಾಮನ ಡೆಕ್ಕಿನ ಬೆಲ್ಟು ಸಡಿಲವಾಗಿತ್ತು, ಅಷ್ಟೇ. ಒಂದು ಕೆಟ್ಟ ಯಂತ್ರಕ್ಕೆ ಹೆದರಿ ನಾನು ಊರಿನಲ್ಲೇ ಉಳಿದೆ. ಆಮೇಲೆ ದುಡಿದು ಕೊಂಡ ಡ್ರಮ್ ಸೆಟ್ಟನ್ನು ಸಂತೇಬೆನ್ನೂರಿನ ಶಾಮಿಯಾನದ ಮೈಲಾರಿಗೆ ಕೊಟ್ಟುಬಿಡುತ್ತಿದ್ದೇನೆ. ಬರುವ ಮಂಗಳವಾರ ಟೆಂಪೋ ತರುತ್ತಾನೆ. ಇನ್ನು ಬಾರಿಸುವುದಿಲ್ಲ.' ಇಷ್ಟು ನಿನ್ನ ಮಾತು.

ಕೆಟ್ಟ ಯಂತ್ರ!

ನನ್ನನ್ನು ಏನು ಬೇಕಾದರೂ ಅನ್ನು. ಓದದವನು ಅನ್ನು, ಸಿಡುಕ ಅನ್ನು. ಆ ಡೆಕ್ಕಿಗೆ ಕೆಟ್ಟದ್ದು ಅನ್ನಬೇಡ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಸ್ಪಿರಿಟ್ಟು ಹಚ್ಚಿ ಅದರ ಹೆಡ್ಡು ಒರೆಸಿದ್ದೇನೆ. ಬೆಲ್ಟು ಸಡಿಲವಾಗುವ ಮೊದಲೇ ಬದಲಾಯಿಸಿದ್ದೇನೆ. ಸಾಸ್ವೆಹಳ್ಳಿಯಿಂದ, ಉಬ್ರಾಣಿಯಿಂದ ಜನ ಬಸ್ಸು ಹತ್ತಿ ಬಂದು ನನ್ನಲ್ಲೇ ರೆಕಾರ್ಡ್ ಮಾಡಿಸುತ್ತಿದ್ದದ್ದು ಸುಮ್ಮನೆಯೇ? ಒಬ್ಬರಾದರೂ ಬಂದು, ಇದು ಓಡುತ್ತದೆ ಅಂದರೇ? ನಿಮ್ಮಮ್ಮನಿಗೆ ವಚನಗಳ ಕ್ಯಾಸೆಟ್ಟು ಮಾಡಿಕೊಟ್ಟದ್ದು ಅದೇ ಡೆಕ್ಕಿನಲ್ಲಿ, ನಿನ್ನ ಕೋಣನ ತಲೆ ಮಾಡಿದ ವಾರವೇ. ಅಕ್ಕ ಹೊನ್ನಾಳಿಯಲ್ಲಿ ಇವತ್ತಿಗೂ ಪೂಜೆಯ ಹೊತ್ತಿಗೆ ಅದನ್ನೇ ಹಾಕುತ್ತಾಳೆ. ಹೋಗಿ ಕೇಳು, ಹಾಡುವವರ ಕುತ್ತಿಗೆಯನ್ನು ಯಾರಾದರೂ ಹಿಚುಕಿದ್ದಾರೆಯೇ ಎಂದು.

ಇನ್ನೊಂದು ಮಾತು. ನೀನು ಜಗಳೂರಿನಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟವನು. ತಾಲ್ಲೂಕಿನ ಅರ್ಧ ಮೋಟಾರು ನಿನ್ನ ಕೈಯಲ್ಲಿ ತಿರುಗುತ್ತವೆ. ಆ ಡೆಕ್ಕು ಅಸಲಿ ಕ್ಯಾಸೆಟ್ಟು ಹಾಡಿಸುತ್ತಿದ್ದದ್ದು, ಹಾಡನ್ನು ತುಂಬಿಕೊಳ್ಳುತ್ತಿದ್ದದ್ದು ಪಕ್ಕದ ಇನ್ನೊಂದು. ಹಾಡಿಸುವ ಡೆಕ್ಕಿನ ಬೆಲ್ಟು ಸಡಿಲವಾದರೆ ಏನಾಗುತ್ತದೆ, ನೀನೇ ಹೇಳು. ಜಾರುತ್ತದೆ. ಜಾರಿದರೆ ಹಾಡು ನಿಧಾನವಾಗುತ್ತದೆ, ಎಮ್ಮೆ ಕೂಗಿದ ಹಾಗೆ ಎಳೆಯುತ್ತದೆ. ಸಡಿಲ ಬೆಲ್ಟಿನಿಂದ ಹಾಡು ಜೋರಾಗಿ ಓಡಿದ್ದನ್ನು ಯಾವ ಊರಿನಲ್ಲಿ ನೋಡಿದ್ದೀಯ? ಇಷ್ಟು ಯೋಚನೆ ಮಾಡದೆ ನಾಲ್ಕು ಜನ ಓದುವ ಕಡೆ ಬರೆದುಬಿಟ್ಟೆ. ನಿನ್ನ ಹತ್ತಿರ ಮೋಟಾರು ಬಿಡುವ ರೈತರ ಪುಣ್ಯ ದೊಡ್ಡದು.

ದಾವಣಗೆರೆಯ ವಿಷಯ. ಆ ಇಬ್ಬರು ಹುಡುಗರು ಮೋಟಾರ್ ಸೈಕಲ್ಲಿನಲ್ಲಿ ಬಂದದ್ದು ನನಗೂ ನೆನಪಿದೆ, ಕೂದಲು ಬಿಟ್ಟವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನೀನು ಎಣ್ಣೆ ಡಬ್ಬ, ಬಕೆಟ್ಟು, ಹಳೆಯ ಡೊಳ್ಳಿನ ಚರ್ಮ ಇಟ್ಟುಕೊಂಡು ಬಾರಿಸುವುದನ್ನು ಕೇಳಿ ಅವರಲ್ಲಿ ಒಬ್ಬ, "ಏನ್ಲಾ ಇವ್ನು, ಮನುಷ್ಯನಾ ಮಿಷನ್ನಾ?" ಅಂದ. ನೀನು ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ. ಭಾನುವಾರ ಬಾ ಎಂದು ಕರೆದರು. ನೀನು ಹೋಗಲಿಲ್ಲ. ನಾನೇನು ನಿನ್ನ ಕಾಲು ಕಟ್ಟಿದ್ದೆನೆ? ಬಸ್ಸು ಅಂಗಡಿಯ ಎದುರೇ ನಿಲ್ಲುತ್ತಿತ್ತು. ಹತ್ತದವನು ನೀನು. ಇಪ್ಪತ್ತಾರು ವರ್ಷದ ಮೇಲೆ ಅದನ್ನು ಒಂದು ಬೆಲ್ಟಿನ ತಲೆಗೆ ಕಟ್ಟುವುದು ಗಂಡಸಿನ ಲಕ್ಷಣವಲ್ಲ.

ದಿನಾ ಸಂಜೆ ನೀನು ಬೆವರು ಒರೆಸಿಕೊಳ್ಳುತ್ತಾ ಆ ಕೋಣೆಯಿಂದ ಹೊರಗೆ ಬಂದು, "ಮಾಮ, ಇವತ್ತು ಹಿಡಿದ್ನಾ?" ಎಂದು ಕೇಳುತ್ತಿದ್ದೆ. "ಇನ್ನೂ ಕೂದಲೆಳೆ ಐತೆ ಕಣಲೇ. ಡಬ್ಬ ಬಡಿಯಾಕೂ ಯೋಗ್ಯತೆ ಬೇಕು" ಅನ್ನುತ್ತಿದ್ದೆ ನಾನು. ನೀನು ಮುಖ ಸಣ್ಣ ಮಾಡಿಕೊಂಡು ಮತ್ತೆ ಒಳಗೆ ಹೋಗುತ್ತಿದ್ದೆ. ಟೇಪು ಸವೆದು ಕರಕರ ಎಂದಾಗಲೆಲ್ಲ ಹೊಸದು ಮಾಡಿಕೊಟ್ಟವನು ನಾನೇ, ಕೇಳದೆಯೇ ಮಾಡಿಕೊಟ್ಟೆ. ಅದನ್ನೂ ನಿನ್ನ ಪಟ್ಟಿಯಲ್ಲಿ ಬರೆಯಲಿಲ್ಲ.

ಡ್ರಮ್ಮು ಕೊಡುವುದಾದರೆ ಕೊಡು. ಮೈಲಾರಿ ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆ ಬಿಡುತ್ತಾನೆ, ಕುಡಿದವರು ಅದರ ಮೇಲೆ ಕೈ ಆಡಿಸುತ್ತಾರೆ. ನೀನು ರಿವೈಂಡಿಂಗ್ ಮಾಡುತ್ತಾ ಕೂತಿರು, ತಾಮ್ರದ ತಂತಿ ನಿನಗೆ ಎದುರು ಮಾತಾಡುವುದಿಲ್ಲ. ನನಗೇನು? ನನಗೆ ಎಪ್ಪತ್ತಾಯಿತು. ಇನ್ನು ಕೇಳಬೇಕಾದದ್ದೇನೂ ಉಳಿದಿಲ್ಲ.

ನನ್ನ ಬೇಡಿಕೆ ಒಂದೇ. ಆ ಪಟ್ಟಿಯಿಂದ ಬೆಲ್ಟಿನ ಮಾತು ತೆಗೆ. ಯಂತ್ರದಲ್ಲಿ ದೋಷವಿರಲಿಲ್ಲ ಎಂದು ಬರೆ. ಇಷ್ಟು ಮಾಡಿದರೆ ಕೆಳಗಿನ ಆಶೀರ್ವಾದ ನಿನ್ನದು. ಮಾಡದಿದ್ದರೆ ಅದೂ ನಿನ್ನದೇ, ಏನು ಮಾಡುವುದು, ಅಕ್ಕನ ಮಗ.

ನಿನ್ನ ಮೇಲೆ ಸಿಟ್ಟಿನಲ್ಲಿರುವ, ಆದರೂ ಹರಸುವ,
ಮಾಮ
ರುದ್ರಮುನಿ

ತಾ. ಕ.: ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದೆ. ಯಂತ್ರದಲ್ಲಿ ದೋಷವಿರಲಿಲ್ಲ ಎಂದು ನಾಲ್ಕು ಪುಟ ಬರೆದೆ. ಹಾಗಾದರೆ ದೋಷ ಎಲ್ಲಿತ್ತು ಎಂದು ನೀನು ಕೇಳುತ್ತೀಯ. ಡೆಕ್ಕಿನ ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು, ಅದರೊಳಗೆ ವೇಗದ ಸ್ಕ್ರೂ. ಗಡಿಯಾರದವರ ಸ್ಕ್ರೂಡ್ರೈವರ್ ಸಾಕು. ಕೋಣನ ತಲೆ ಅರವತ್ತನಾಲ್ಕು ನಿಮಿಷ, ಖಾಲಿ ಕ್ಯಾಸೆಟ್ಟು ಅರವತ್ತು ನಿಮಿಷದ್ದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ತೆಳು ಟೇಪನ್ನು ನಿನ್ನ ಹಳೆಯ ಪ್ಲೇಯರು ನುಂಗುತ್ತಿತ್ತು. ಕೊನೆಯ ಹಾಡಿನ ಬಾಲ ತುಂಡಾದರೆ ನೀನು ಎರಡು ದಿನ ಮಾತಾಡುತ್ತಿರಲಿಲ್ಲ. ಅದಕ್ಕೆ ನಿನ್ನ ಪ್ರತಿಗೆ ಮಾತ್ರ ಸ್ಕ್ರೂ ತಿರುಗಿಸಿ ಹಾಡು ಓಡಿಸಿದೆ, ಪೂರಾ ಅರವತ್ತರೊಳಗೆ ಕೂತಿತು. ಅಸಲಿ ಕ್ಯಾಸೆಟ್ಟು ಕಪಾಟಿನ ಬೀಗದೊಳಗಿತ್ತು, ನೀನು ಅದನ್ನು ಕೇಳಿದ್ದು ಮೊದಲ ದಿನ ಒಂದೇ ಸಲ. ಆಮೇಲೆ ಬೇರೆಯವರಿಗೆ ಮಾಡುವಾಗ ಹಿಂದಕ್ಕೆ ತಂದೆ.

ಏಳು ತಿಂಗಳಿಗೆ ನೀನು ಅದನ್ನು ಹಿಡಿದೆ. ನಾನು ಪರದೆಯ ಹಿಂದೆ ನಿಂತು ಕೇಳಿದೆ, ಒಂದು ಪೆಟ್ಟು ತಪ್ಪಲಿಲ್ಲ. ನೀನು ಹೊರಗೆ ಬಂದು "ಹಿಡಿದ್ನಾ?" ಅಂದೆ. ಹೌದು ಎಂದರೆ ನೀನು ನಿಲ್ಲಿಸಿಬಿಡುತ್ತೀ ಎಂದು ನನಗೆ ಅನ್ನಿಸಿತು. ಇಲ್ಲ ಅಂದೆ. ಟೇಪು ಸವೆದಿದೆ ಎಂದು ಹೊಸದು ಮಾಡಿಕೊಟ್ಟೆ, ಸ್ಕ್ರೂ ಇನ್ನಷ್ಟು ತಿರುಗಿಸಿ. ಅದನ್ನೂ ನೀನು ಹಿಡಿದೆ. ನಾನು ಮತ್ತೆ ತಿರುಗಿಸಿದೆ. ಹೀಗೆ ನಾಲ್ಕು ಕ್ಯಾಸೆಟ್ಟು. ಆ ಹಾಡು ಬಾರಿಸಿದ ಅಸಲಿ ಮನುಷ್ಯ ಆ ವೇಗಕ್ಕೆ ಯಾವತ್ತೂ ಬಾರಿಸಿಲ್ಲ ಭೀಮೇಶ, ನೀನು ಬಾರಿಸಿದ್ದೀಯ.

ದಾವಣಗೆರೆಯವರು ಬಂದ ದಿನ ಹೇಳಬೇಕಾಗಿತ್ತು. ಹೇಳಿದ್ದರೆ ನೀನು ಹೋಗುತ್ತಿದ್ದೆ, ಆ ಕೋಣೆ ಖಾಲಿಯಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ನಿನ್ನ ಪಟ್ಟಿಯಲ್ಲಿ ಹತ್ತನೇ ಸ್ಥಾನ ನನಗೆ ಬರಲಿ, ಕೋಣನ ತಲೆಗೆ ಬೇಡ.

ಇದರ ಜೊತೆ ನೀನು ಇಲ್ಲೇ ಬಿಟ್ಟುಹೋದ ನಾಲ್ಕನೇ ಕ್ಯಾಸೆಟ್ಟು ಇಟ್ಟಿದ್ದೇನೆ. ಜಗಳೂರು ಬಸ್ಸಿನ ಕಂಡಕ್ಟರು ನಾಳೆ ನಿನ್ನ ಅಂಗಡಿಗೇ ತಂದುಕೊಡುತ್ತಾನೆ. ಮಂಗಳವಾರದೊಳಗೆ ಒಂದು ಸಲ ಫೋನಿನ ಅಸಲಿ ಹಾಡಿನ ಪಕ್ಕ ಇಟ್ಟು ಕೇಳು. ಕವರಿನ ಒಳಮಗ್ಗುಲಲ್ಲಿ ಪೆನ್ಸಿಲಿನಲ್ಲಿ ನಾಲ್ಕು ತಾರೀಕು ಬರೆದಿದ್ದೇನೆ. ನೀನು ಹಿಡಿದ ದಿನಗಳು. ನಾಲ್ಕನೆಯದರ ನಂತರವೂ ತಿರುಗಿಸಲು ಹೋಗಿದ್ದೆ, ಸ್ಕ್ರೂ ಕೊನೆ ಮುಟ್ಟಿತ್ತು.