ಮೂಳೆಯಂತ್ರಕ್ಕೆ ಸಿಕ್ಕ ಆಶೀರ್ವಾದ

ಸಾನ್ ರೋಕೆ, ಪನಾಯ್ ದ್ವೀಪ
ಅಕ್ಟೋಬರ್ 29, 2016

ಪ್ರೀತಿಯ ತೋತೋ,

ಲಕೋಟೆಯ ಮೇಲೆ ‘ಪರಮಪೂಜ್ಯ ಬಿಷಪ್’ ಎಂದು ಬರೆದಿದ್ದೇನೆ, ಅಂಚೆಯವನು ಹೆದರಲಿ ಎಂದು. ಒಳಗೆ ನೀನು ತೋತೋನೇ. ಚೆನ್ನಾಗಿದ್ದೀಯ ತಾನೆ? ಸಕ್ಕರೆ ಕಾಯಿಲೆಯ ಮಾತ್ರೆ ಮರೆಯುತ್ತಿಲ್ಲ ತಾನೆ? ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ನೀನು ಬಂದುಹೋದ ಸಂಜೆಯೇ ಒಂದು ಪತ್ರ ಗೀಚಿದ್ದೆ. ಬೆಳಿಗ್ಗೆ ಓದಿದರೆ ಖಾರ ಜಾಸ್ತಿ ಅನಿಸಿತು, ಹರಿದೆ. ಇದು ನೀರು ಬೆರೆಸಿದ್ದು.

ಮೊದಲು ಊರ ಸುದ್ದಿ. ನೀನು ಉದ್ಘಾಟಿಸಿದ ಮೂಳೆ ವಿಭಾಗ ಜೋರಾಗಿ ನಡೆದಿದೆ. ಆಸ್ಪತ್ರೆಯ ಗೇಟಿನಲ್ಲಿ ನಿನ್ನ ಮುಖದ ಬ್ಯಾನರ್ ಇನ್ನೂ ಇದೆ. ಗಾಳಿಗೆ ಒಂದು ಮೂಲೆ ಬಿಚ್ಚಿ, ಹೋಗಿಬರುವವರಿಗೆಲ್ಲ ನೀನು ಕಣ್ಣು ಹೊಡೆದ ಹಾಗೆ ಕಾಣುತ್ತದೆ. ಮೂಳೆ ಜೋಪಾನದ ಬಗ್ಗೆ ಅಲ್ಲಿ ನಡೆಯುವ ಗುರುವಾರದ ಪಾಠಕ್ಕೆ ಮುದುಕಿಯರು ಕಿಕ್ಕಿರಿಯುತ್ತಾರೆ. ಡಾಕ್ಟರಮ್ಮ ಪನೇಸ್ ಪಾಪ, ಗಂಟಲು ಹರಿದುಕೊಳ್ಳುತ್ತಾಳೆ: “ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಮುಳ್ಳಿನ ಸಮೇತ ಸಣ್ಣ ಮೀನು ತಿನ್ನಿ.” ಎಲ್ಲರೂ ತಲೆಯಾಡಿಸುತ್ತಾರೆ, ಹೊರಗೆ ಬಂದೊಡನೆ ಕಪ್ಪಾದೇವೆಂದು ಛತ್ರಿ ಬಿಚ್ಚುತ್ತಾರೆ. ನಲವತ್ತು ವರ್ಷ ಕಾಲೇಜಿನಲ್ಲಿ ಸಾಹಿತ್ಯ ಹೇಳಿದವಳು ನಾನು, ಸುಮ್ಮನಿದ್ದೇನೆಯೆ? “ಡಾಕ್ಟರಮ್ಮಾ, ಅಸ್ಥಿಯೊಂದೇ ಅಲ್ಲ, ಇವರ ಬುದ್ಧಿಯೂ ಅಸ್ಥಿರ” ಅಂದೆ. “ನಿಮ್ಮ ಛತ್ರಿ ಎಲ್ಲಿ ಚೋಲೆಂಗಮ್ಮ?” ಅಂದಳು. ನನ್ನ ಕಂಕುಳಲ್ಲೇ ಇತ್ತು.

ನಮ್ಮ ಪುರಿಂಗಕ್ಕನನ್ನು ಆ ಪಾಠಕ್ಕೆ ಮೊದಲು ಎಳೆದುಕೊಂಡು ಹೋದವಳೂ ನಾನೇ. ಅವಳ ಹಳೆಯ ಲಂಗ ನೆಲ ಗುಡಿಸುತ್ತಿತ್ತು. “ಲಂಗ ಬೆಳೆದುಬಿಟ್ಟಿದೆ ಕಣೇ” ಎನ್ನುತ್ತಿದ್ದಳು. ಡಾಕ್ಟರಮ್ಮ ಗೋಡೆಗೆ ನಿಲ್ಲಿಸಿ ಅಳೆದು, “ಲಂಗ ಬೆಳೆದಿಲ್ಲ ಅಜ್ಜಿ, ನೀವು ಇಳಿದಿದ್ದೀರ” ಅಂದಳು. ಅಕ್ಕನ ಬೆನ್ನುಮೂಳೆ ಒಳಗೊಳಗೇ ಕುಸಿಯುತ್ತಿದೆ, ಒಮ್ಮೆ ಬಿದ್ದರೂ ಸೊಂಟವೇ ಹೋಗುತ್ತದೆ. ಯಂತ್ರದಲ್ಲಿ ಮೂಳೆಯ ಗಟ್ಟಿತನ ನೋಡಿದ ವರದಿ ಬಂದರೆ ಸರಕಾರದ ಇಂಜೆಕ್ಷನ್ ಪುಕ್ಕಟೆ, ಬೇಗ ಶುರು ಮಾಡೋಣ ಎಂದಳು. ಅಕ್ಕ ದಾರಿಯುದ್ದಕ್ಕೂ ನಕ್ಕಳು. “ಅನ್ನದ ಕಡುಬಿನ ಬುಟ್ಟಿ ಹೊತ್ತೂ ಹೊತ್ತೂ ಮೊಳೆ ಹೊಡೆದ ಹಾಗೆ ಕೆಳಗಿಳಿದಿದೀನಿ. ನಮ್ಮ ತೋತೋ ಮೇಲೆ ಹೋಗ್ಬೇಕಿತ್ತಲ್ಲ, ಸರಿಹೋಯ್ತು!” ಕಡುಬು ಮಾರಿದ ಆ ಬುಟ್ಟಿಯೇ ನಿನ್ನನ್ನು ಪಾದ್ರಿ ಓದಿನ ಸೆಮಿನರಿ ದಾಟಿಸಿದ್ದು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಯಂತ್ರವೇನೋ ಬಂದಿತ್ತು. ಗುಲಾಬಿ ರಿಬ್ಬನ್ ಸುತ್ತಿಕೊಂಡು, ಮದುವೆ ಮುಂದಕ್ಕೆ ಹೋದ ಹೆಣ್ಣಿನಂತೆ ಕೋಣೆಯಲ್ಲಿ ಕೂತಿತ್ತು. ನಮ್ಮಲ್ಲಿ ಪವಿತ್ರಜಲ ಬೀಳದೆ ರಿಕ್ಷಾ ಸಹ ಸ್ಟಾರ್ಟ್ ಆಗುವುದಿಲ್ಲವಲ್ಲ. ಊರಿನ ಪಾದ್ರಿ ಸಾಕಾಗಿತ್ತು. ಆಸ್ಪತ್ರೆಯ ನಿರ್ದೇಶಕರಿಗೆ ಮಾತ್ರ ಊರಿನ ಮಗ ಬಿಷಪ್ಪನೇ ಬೇಕು. ನೀನು ಈಸ್ಟರ್ ಮುಂಚಿನ ತಪಸ್ಸಿನ ಕಾಲ ಮುಗಿಯಲಿ ಅಂದೆ. ಆಮೇಲೆ ರೋಮಿಗೆ ಹೋದೆ. ಆಮೇಲೆ ಅಕ್ಟೋಬರ್ ಏಳಕ್ಕೆ ಖಂಡಿತ ಅಂದೆ.

ಈ ನಡುವೆ ಡಾಕ್ಟರಮ್ಮ ಒಂದು ದಿನ ಅಕ್ಕನನ್ನು ಪಕ್ಕಕ್ಕೆ ಕರೆದಳು. “ಬಾಗಿಲು ಹಾಕ್ಕೊಂಡು ಸುಮ್ನೆ ನೋಡಿಬಿಡ್ತೀನಿ ಅಜ್ಜಿ. ರಿಬ್ಬನ್ ಮತ್ತೆ ಕಟ್ಟಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ.”

“ಅಯ್ಯೋ, ನನಗೆ ಗೊತ್ತಾಗತ್ತಲ್ಲಮ್ಮ! ನಮ್ಮ ತೋತೋ ಬಂದು ನೀರು ಚಿಮುಕಿಸ್ಲಿ. ಮೊದಲು ಮಲಗೋಳು ನಾನೇ. ಅವನು ನೋಡಬೇಕು.”

“ಅವರು ಬರೋವರೆಗೆ ಮೂಳೆ ಕಾಯಬೇಕಲ್ಲ?”

“ಅವನನ್ನ ಸಾಕಿದ ಮೂಳೆ ಇದು. ಕಾಯತ್ತೆ.”

ನಾನು ಬೈದೆ, ಗೋಗರೆದೆ. “ನಿನಗೆ ಹೊಟ್ಟೆಕಿಚ್ಚು. ನಿನ್ನ ಶಿಷ್ಯರಲ್ಲಿ ಒಬ್ಬನಾದರೂ ಬಿಷಪ್ ಆದನಾ?” ಅಂದಳು.

ಆರನೇ ತಾರೀಖು ನೀನು ಮನೆಗೂ ಬರುತ್ತೀಯೆಂದು ನೆಲಕ್ಕೆ ಮೇಣ ಹಚ್ಚಿದಳು. ತೆಂಗಿನಕಾಯಿಯ ಅರೆ ಸಿಪ್ಪೆಯನ್ನು ಕಾಲಡಿಗಿಟ್ಟುಕೊಂಡು, ಒಂದೇ ಕಾಲಲ್ಲಿ ಹಿಂದೆ ಮುಂದೆ ಜಾರುತ್ತ, ಅಮ್ಮ ಉಜ್ಜುತ್ತಿದ್ದ ಹಾಗೆಯೇ. ಗುರುವಾರದ ಪಾಠದಲ್ಲಿ ಬೇಡವೇ ಬೇಡವೆಂದು ಹೇಳಿದ ಮೊದಲ ಕೆಲಸ ಅದು. ನಾನು ಪೇಟೆಯಿಂದ ಬಂದಾಗ ಅಂಗಾತ ಬಿದ್ದಿದ್ದಳು. ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. “ಚೆನ್ನಾಗಿ ಬಂದಿದೆಯೇನೇ?” ಎಂದು ಕೇಳಿದಳು. ಅವಳನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದಾಗ ನಿನ್ನ ಕಾರ್ಯದರ್ಶಿಯ ಫೋನು ಬಂತು, ಸಮಾರಂಭ ಇಪ್ಪತ್ತಕ್ಕೆ ಮುಂದೂಡಿದೆ ಎಂದು.

ಇಪ್ಪತ್ತರ ಸುದ್ದಿ ನಿನಗೇ ಗೊತ್ತು. ಆದರೂ ಬರೆಯುತ್ತೇನೆ, ವೇದಿಕೆಯ ಮೇಲೆ ಕೂತವರಿಗೆ ವೇದಿಕೆ ಕಾಣುವುದಿಲ್ಲ. ರಿಬ್ಬನ್ ಕತ್ತರಿಸಲು, ಮಗುವಿನ ಜ್ಞಾನಸ್ನಾನಕ್ಕೆ ನಿಂತ ಹಾಗೆ, ಎಂಟು ಜನ ಧರ್ಮತಾಯಂದಿರು. ಯಂತ್ರದ ಮೇಲೆ ಮೊದಲು ಮಲಗಿದ್ದು ಗವರ್ನರನ ಹೆಂಡತಿ, ಹೈ ಹೀಲ್ಸ್ ಸಮೇತ, ಫೋಟೋಕ್ಕೆ. ಇಪ್ಪತ್ತರ ಹುಡುಗಿಯ ಮೂಳೆಯಂತೆ ಆಕೆಯದು, ಎಲ್ಲರೂ ಚಪ್ಪಾಳೆ ತಟ್ಟಿದರು. “ವೃದ್ಧರು ನಮ್ಮ ಸಮಾಜದ ಬೆನ್ನೆಲುಬು” ಎಂದು ನೀನು ಸೊಗಸಾಗಿ ಮಾತಾಡಿದೆ. ಊಟದಲ್ಲಿ ನೀನು ಸುಟ್ಟ ಹಂದಿಯ ಗರಿಗರಿ ಚರ್ಮ ಕಡಿಯುತ್ತಿದ್ದಾಗ ನಾನು ಬಾಗಿ, “ಅಕ್ಕ ಮೂರನೇ ಮಹಡಿಯಲ್ಲಿದ್ದಾಳೆ, ಬೆಳಗಿಂದ ಪೌಡರ್ ಹಚ್ಕೊಂಡು ಕಾಯ್ತಿದ್ದಾಳೆ” ಅಂದೆ.

“ಗೊತ್ತು ಚೋಲೆಂಗಕ್ಕ. ವಿಮಾನ ತಪ್ಪತ್ತೆ. ಮುಂದಿನ ಸಲ ಖಂಡಿತ. ಈ ಜಪಮಾಲೆ ಕೊಟ್ಟುಬಿಡು, ಪೋಪರು ಮುಟ್ಟಿದ್ದು.”

ಕೆಳಗೆ ನಿರ್ದೇಶಕರು ನಿನ್ನನ್ನು ತಡೆದರು. ನೀನು ಅವರ ಹೊಸ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ನಾಲ್ಕೂ ಚಕ್ರಕ್ಕೆ ಪವಿತ್ರಜಲ ಚಿಮುಕಿಸಿದೆ. ಅದಕ್ಕೆ ವಿಮಾನ ಕಾಯಿತು. ಕಾರಿಗೆ ಮೂಳೆಯೂ ಇಲ್ಲ, ತಮ್ಮನೂ ಇಲ್ಲ.

ಈಗ ಅಕ್ಕನಿಗೆ ಯಂತ್ರದ ಅಗತ್ಯವಿಲ್ಲವಂತೆ. ಹಾಗೆ ಬಿದ್ದು ಸೊಂಟ ಮುರಿದದ್ದೇ ವರದಿ, ಇಂಜೆಕ್ಷನ್ ಮಂಜೂರಾಗಿದೆ ಎಂದು ಡಾಕ್ಟರಮ್ಮ ಹೇಳಿದಳು, ನನ್ನ ಕಡೆ ನೋಡದೆ. ಮೂಳೆಗೆ ಹಾಕುವ ಸಲಾಕೆ ಮನಿಲಾದಿಂದ ಬರಬೇಕು. ಅಲ್ಲಿಯವರೆಗೆ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಮತ್ತೆ ನಡೆಯುತ್ತಾಳೋ ಎಂದು ಕೇಳಿದೆ. “ಪ್ರಾರ್ಥನೆ ಮಾಡಿ” ಅಂದಳು. ನಮ್ಮ ಕುಟುಂಬದಲ್ಲಿ ಆ ಕೆಲಸಕ್ಕೆ ಒಬ್ಬನನ್ನು ಓದಿಸಿದ್ದೆವು.

ಬಿಷಪ್ಪನಿಗೆ ಆಶೀರ್ವಾದ ಮಾಡುವ ಅಧಿಕಾರ ಈ ನಿವೃತ್ತ ಮೇಡಮ್ಮಿಗೆ ಇಲ್ಲ. ಆದರೂ ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ ಮಾಡುತ್ತೇನೆ: ದೇವರು ನಿನ್ನ ಕಾಲಿಗೆ ಶಕ್ತಿ ಕೊಡಲಿ, ಮೂರು ಮಹಡಿ ಹತ್ತುವಷ್ಟು. ಆರೋಗ್ಯ ನೋಡಿಕೊ. ಬಿಸಿಲಿಗೆ ನಿಲ್ಲು.

ನಿನ್ನ ಅಕ್ಕ,
ಚೋಲೆಂಗ್

ತಾ.ಕ.: ಜಪಮಾಲೆ ಕೊಟ್ಟೆ. ಅಕ್ಕ ಕರವಸ್ತ್ರದಿಂದ ಪೌಡರ್ ಒರೆಸಿಕೊಂಡಳು. ಮರುದಿನ ಹೋದರೆ ವಾರ್ಡಿನವರಿಗೆಲ್ಲ ಹೇಳುತ್ತಿದ್ದಾಳೆ: “ನಮ್ಮ ತೋತೋ ಬಂದಿದ್ದ. ನೀವೆಲ್ಲ ಮಧ್ಯಾಹ್ನದ ನಿದ್ದೇಲಿದ್ರಿ. ನನ್ನ ಹಣೆ ಮುಟ್ಟಿ, ಅತ್ತುಬಿಟ್ಟ ಪಾಪ.” ಎದುರು ಮಂಚದ ಮೀನು ಮಾರುವ ಹೆಂಗಸು ನನ್ನ ಕಡೆ ತಿರುಗಿ, “ಹೌದೇನಮ್ಮ?” ಅಂದಳು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ಹೌದು, ನೀವು ಗೊರಕೆ ಹೊಡೀತಿದ್ರಿ” ಅಂದೆ. ಆದ್ದರಿಂದ ತೋತೋ, ಎಂದಾದರೂ ಬಂದರೆ ಮೊದಲ ಸಲ ಬಂದವನಂತೆ ಬಾಗಿಲಲ್ಲಿ ನಿಂತು ಹುಡುಕಬೇಡ. ಒಳಗೆ ಬಂದೊಡನೆ ಎಡಗಡೆ, ಕಿಟಕಿಯ ಪಕ್ಕದ ಮಂಚ.